ಯಂತ್ರ ಉಳಿಸಿದ ದುಡಿಮೆಯ ಲಾಭ ಯಾರ ಪಾಲಿಗೆ ಹೋಗುತ್ತದೆ?

ಪ್ರಶ್ನೆ

ವಿಮಾ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ಕಚೇರಿಯೊಂದರಲ್ಲಿ ನಾನು ಮೇಲ್ವಿಚಾರಕಿಯಾಗಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಹೊಸಬರಿಗೆ ಮೊದಲು ಕೊಡುತ್ತಿದ್ದುದು ಸರಳವಾದ ಅರ್ಜಿಗಳನ್ನು. ಅರ್ಜಿಯಲ್ಲಿರುವ ದಿನಾಂಕಕ್ಕೂ ಬಿಲ್ಲಿನ ದಿನಾಂಕಕ್ಕೂ ತಾಳೆಯಾಗುತ್ತದೆಯೇ, ಸಹಿ ಬಿಟ್ಟುಹೋಗಿದೆಯೇ, ಪಾಲಿಸಿಯ ಅವಧಿ ಮುಗಿದಿದೆಯೇ ಎಂಬುದನ್ನು ನೋಡಿ ಅವರು ಅರ್ಜಿದಾರರಿಗೆ ಉತ್ತರ ಬರೆಯಬೇಕಿತ್ತು. ಅಂಥ ಕಡತಗಳು ನೂರಾರು ಕೈದಾಟಿದ ಮೇಲೆ ಎಲ್ಲಿ ಅನುಮಾನಪಡಬೇಕು, ಎಲ್ಲಿ ಫೋನ್ ಎತ್ತಿ ಅರ್ಜಿದಾರರನ್ನೇ ಕೇಳಬೇಕು ಎಂಬ ತಿಳಿವಳಿಕೆ ಅವರಿಗೆ ತಾನಾಗಿಯೇ ಬರುತ್ತಿತ್ತು. ಈಗ ಆ ಸರಳ ಅರ್ಜಿಗಳನ್ನೆಲ್ಲ ಸಾಫ್ಟ್‌ವೇರ್ ಓದುತ್ತದೆ, ತಾಳೆ ನೋಡುತ್ತದೆ, ಪತ್ರದ ಕರಡನ್ನೂ ಸಿದ್ಧಪಡಿಸಿ ಇಡುತ್ತದೆ.

ಇದುವರೆಗೆ ಯಾರನ್ನೂ ಕೆಲಸದಿಂದ ತೆಗೆದಿಲ್ಲ. ಆದರೆ ಬಿಟ್ಟುಹೋದವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವುದು ನಿಂತಿದೆ. ಉಳಿದವರ ಮೇಜಿಗೆ ಬರುವುದು ಯಂತ್ರಕ್ಕೆ ಬಗೆಹರಿಯದ ಜಟಿಲ ಪ್ರಕರಣಗಳು ಮಾತ್ರ. ಅರ್ಜಿಯನ್ನು ನಿರಾಕರಿಸಿದ್ದಕ್ಕೆ ಸಿಟ್ಟಾದವರು, ಮನೆಯವರನ್ನು ಕಳೆದುಕೊಂಡವರು, ದಾಖಲೆಯೇ ಇಲ್ಲದವರು, ಹೀಗೆ ದಿನವಿಡೀ ಅಂಥವರೊಂದಿಗೇ ವ್ಯವಹಾರ. ಎರಡು ಕಷ್ಟದ ಕಡತಗಳ ನಡುವೆ ಒಂದು ಸುಲಭದ್ದು ಸಿಕ್ಕಿ ಮನಸ್ಸು ಹಗುರವಾಗುತ್ತಿದ್ದ ಕಾಲ ಹೋಯಿತು. ಕಚೇರಿ ಮುಗಿಸುವ ಕೆಲಸದ ಪ್ರಮಾಣ ಹೆಚ್ಚಿದೆ, ಸಂಬಳ ಮಾತ್ರ ಇದ್ದಲ್ಲೇ ಇದೆ.

ಯಂತ್ರ ಬಂದಾಗಲೆಲ್ಲ ಜನ ಹೆದರಿದ್ದಾರೆ, ಕೊನೆಗೆ ಹೊಸ ಉದ್ಯೋಗಗಳು ಹುಟ್ಟಿಯೇ ಹುಟ್ಟಿವೆ ಎಂದು ನಮ್ಮ ವ್ಯವಸ್ಥಾಪಕರು ಹೇಳುತ್ತಾರೆ. ಅದು ನಿಜವೇ ಇರಬಹುದು. ಆದರೂ ನನಗೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಆ ಹೊಸ ಉದ್ಯೋಗ, ಹಳೆಯದನ್ನು ಕಳೆದುಕೊಂಡವರಿಗೇ ಸಿಕ್ಕಿದ್ದುಂಟೇ? ಯಂತ್ರದಿಂದ ಉಳಿತಾಯವಾದ ದುಡಿಮೆಯ ಲಾಭ ದುಡಿಯುವವರ ಕೈಗೆ ಬರುವುದು, ಬರದಿರುವುದು ಯಾವುದರಿಂದ ತೀರ್ಮಾನವಾಗುತ್ತದೆ? ವಿಷಯ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ನಾನು ಆರ್ಥಿಕ ಇತಿಹಾಸ ಕಲಿಸುವವನು. ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಬಲ್ಲ ಪ್ರಕರಣವೊಂದಿದೆ. ಅದು ಟೆಲಿಫೋನ್ ಆಪರೇಟರುಗಳದು.

20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಯುವತಿಯರಿಗೆ ಸಿಗುತ್ತಿದ್ದ ಅತಿ ಸಾಮಾನ್ಯ ಉದ್ಯೋಗಗಳಲ್ಲಿ ಇದೂ ಒಂದಾಗಿತ್ತು. ಕರೆ ಮಾಡಿದವರ ಮಾತು ಕೇಳಿಸಿಕೊಂಡು, ಫಲಕದಲ್ಲಿ ಸರಿಯಾದ ರಂಧ್ರಕ್ಕೆ ತಂತಿ ಚುಚ್ಚಿ ಎರಡು ಮನೆಗಳನ್ನು ಜೋಡಿಸುವುದು ಅವರ ಕೆಲಸ. 1920ರಿಂದ 1940ರವರೆಗೆ ಒಂದೊಂದೇ ನಗರದ ವಿನಿಮಯ ಕೇಂದ್ರ ಸ್ವಯಂಚಾಲಿತವಾಯಿತು. ಬಳಕೆದಾರರೇ ಡಯಲ್ ತಿರುಗಿಸತೊಡಗಿದರು, ಸ್ಥಳೀಯ ಕರೆಗಳನ್ನು ಜೋಡಿಸುವ ಕೆಲಸ ಒಂದು ರಾತ್ರಿಯಲ್ಲಿ ಇಲ್ಲವಾಯಿತು. ಬದಲಾವಣೆ ಎಲ್ಲ ಊರುಗಳಲ್ಲೂ ಒಟ್ಟಿಗೆ ಆಗದೆ ಬೇರೆ ಬೇರೆ ವರ್ಷಗಳಲ್ಲಿ ಆದದ್ದರಿಂದ, ಜನಗಣತಿಯ ದಾಖಲೆಗಳನ್ನು ಹಿಡಿದು ಅದರ ಪರಿಣಾಮವನ್ನು ಬಿಡಿಸಿ ನೋಡಲು ಸಂಶೋಧಕರಿಗೆ ಸಾಧ್ಯವಾಗಿದೆ.

ಅವರು ಕಂಡುಕೊಂಡದ್ದರಲ್ಲಿ ಎರಡು ಮುಖಗಳಿವೆ. ಆ ಊರುಗಳಲ್ಲಿ ಮುಂದೆ ಪ್ರಾಯಕ್ಕೆ ಬಂದ ಯುವತಿಯರಲ್ಲಿ ನಿರುದ್ಯೋಗ ಹೆಚ್ಚಲಿಲ್ಲ. ಕಾರ್ಯದರ್ಶಿಗಳ ಕೆಲಸ, ಹೋಟೆಲುಗಳ ಕೆಲಸ ಇತ್ಯಾದಿ ಬೇರೆ ದಾರಿಗಳು ಅವರಿಗೆ ತೆರೆದವು. ಹಾಗಾಗಿ ನಿಮ್ಮ ವ್ಯವಸ್ಥಾಪಕರ ಮಾತು ಒಂದು ಸಮಾಜದ ಲೆಕ್ಕದಲ್ಲಿ ಸರಿ. ಆದರೆ ಯಂತ್ರ ಬಂದ ದಿನ ಫಲಕದ ಮುಂದೆ ಕುಳಿತಿದ್ದ ಮಹಿಳೆಯರ ಕಥೆ ಬೇರೆ. ಹತ್ತು ವರ್ಷಗಳ ನಂತರ ಅವರಲ್ಲಿ ಉದ್ಯೋಗದಲ್ಲಿದ್ದವರ ಪ್ರಮಾಣ, ಯಂತ್ರ ಬಾರದ ಊರುಗಳ ಆಪರೇಟರುಗಳಿಗೆ ಹೋಲಿಸಿದರೆ, ಕಡಿಮೆಯಿತ್ತು; ಉದ್ಯೋಗದಲ್ಲಿದ್ದವರೂ ಕಡಿಮೆ ಸಂಬಳದ ಕೆಲಸಗಳಿಗೆ ಇಳಿದಿದ್ದರು. ಹೊಡೆತ ಹೆಚ್ಚಾಗಿ ಬಿದ್ದದ್ದು ವಯಸ್ಸಾದವರಿಗೆ. ಕೆಲಸ ಮರಳಿ ಬಂದಿತು, ಬಂದದ್ದು ಬೇರೆಯವರಿಗೆ. ಇತಿಹಾಸದ ಸಮಾಧಾನವನ್ನು ಹೇಳುವವರು ಈ ಎರಡನೆಯ ಭಾಗವನ್ನು ಹೇಳದೆ ಬಿಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಎರಡನೆಯ ಪ್ರಶ್ನೆಗೆ ಇನ್ನೂ ಹಿಂದಕ್ಕೆ ಹೋಗಬೇಕು. ಬ್ರಿಟನ್ನಿನ ಕೈಗಾರಿಕಾ ಕ್ರಾಂತಿಯ ಬಗ್ಗೆ ಆರ್ಥಿಕ ಇತಿಹಾಸಕಾರ ರಾಬರ್ಟ್ ಆಲೆನ್ ಮಾಡಿರುವ ಅಂದಾಜಿನ ಪ್ರಕಾರ, 1780ರಿಂದ 1840ರವರೆಗೆ ಒಬ್ಬ ಕಾರ್ಮಿಕನ ಸರಾಸರಿ ಉತ್ಪನ್ನ ಶೇ 46ರಷ್ಟು ಏರಿದರೆ ನೈಜ ಕೂಲಿ (ಬೆಲೆ ಏರಿಕೆಯನ್ನು ಕಳೆದು ನೋಡಿದ ಕೂಲಿ) ಏರಿದ್ದು ಕೇವಲ ಶೇ 12ರಷ್ಟು. ನಡುವಿನ ವ್ಯತ್ಯಾಸ ಬಹುಪಾಲು ಬಂಡವಾಳ ಹೂಡಿದವರ ಲಾಭಕ್ಕೆ ಹೋಯಿತು. ಅರವತ್ತು ವರ್ಷವೆಂದರೆ ಆ ಕಾಲದ ಕಾರ್ಮಿಕನೊಬ್ಬನ ಸರಾಸರಿ ಆಯಸ್ಸಿಗಿಂತ ಹೆಚ್ಚು. 1840ರಿಂದ 1900ರವರೆಗೆ ಲೆಕ್ಕ ತಿರುಗಿತು. ಉತ್ಪನ್ನ ಶೇ 90ರಷ್ಟು ಹೆಚ್ಚಿದಾಗ ನೈಜ ಕೂಲಿ ಶೇ 123ರಷ್ಟು ಹೆಚ್ಚಿತು.

ಏಕೆ ತಿರುಗಿತು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬಂಡವಾಳ ಸಾಕಷ್ಟು ಶೇಖರವಾಗಿ ಹೂಡಿಕೆ ಹೆಚ್ಚಿದ್ದೇ ಮುಖ್ಯ ಕಾರಣವೆಂದು ಆಲೆನ್ ಭಾವಿಸುತ್ತಾರೆ. ನನ್ನ ತೂಕ ಮಾತ್ರ ಕಾನೂನಿನ ಕಡೆಗೂ ಬೀಳುತ್ತದೆ. 1812ರಲ್ಲಿ ಹೆಣಿಗೆ ಯಂತ್ರಗಳನ್ನು ಒಡೆದವರಿಗೆ ಮರಣದಂಡನೆ ವಿಧಿಸುವ ಕಾಯಿದೆ ತಂದ ಅದೇ ಸಂಸತ್ತು, 1847ರಲ್ಲಿ ಜವಳಿ ಗಿರಣಿಗಳ ಮಹಿಳೆಯರ ಮತ್ತು ಎಳೆಯರ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಮಿತಗೊಳಿಸಿತು, 1871ರಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಈ ಅರ್ಧಕ್ಕೂ ಹೆಚ್ಚು ಶತಮಾನದಲ್ಲಿ ಯಂತ್ರಗಳು ಹೆಚ್ಚುತ್ತಲೇ ಹೋದವು. ಅವುಗಳ ಮುಂದೆ ನಿಂತವರಿಗೆ ಕೇಳುವ ಹಕ್ಕು ಬಂದದ್ದು ನಂತರ.

ಎರಡನೆಯ ಉತ್ತರ

ಮೇಲಿನ ಉತ್ತರವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಹಳೆಯ ಯಂತ್ರಗಳ ಅನುಭವವನ್ನು ಕೃತಕ ಬುದ್ಧಿಮತ್ತೆಗೆ ಹಾಗೆಯೇ ಅನ್ವಯಿಸಿದರೆ ಒಂದು ಮುಖ್ಯ ವ್ಯತ್ಯಾಸ ಕಣ್ತಪ್ಪುತ್ತದೆ.

ಅರ್ಥಶಾಸ್ತ್ರಜ್ಞ ಎರಿಕ್ ಬ್ರಿಂಜಾಲ್ಫ್‌ಸನ್ ಮತ್ತು ಸಂಗಡಿಗರು ಐದು ಸಾವಿರಕ್ಕೂ ಹೆಚ್ಚು ಗ್ರಾಹಕ ಸೇವಾ ನೌಕರರನ್ನು ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಗ್ರಾಹಕರಿಗೆ ಏನು ಉತ್ತರ ಕೊಡಬಹುದೆಂದು ಸೂಚಿಸುವ ಸಾಫ್ಟ್‌ವೇರನ್ನು ಕೊಟ್ಟಾಗ, ಗಂಟೆಗೆ ಬಗೆಹರಿಯುವ ದೂರುಗಳ ಸಂಖ್ಯೆ ಸರಾಸರಿ ಶೇ 14ರಷ್ಟು ಏರಿತು. ಹೊಸಬರಲ್ಲಿ ಮತ್ತು ಪಳಗದವರಲ್ಲಿ ಏರಿಕೆ ಶೇ 34. ಅತ್ಯಂತ ನುರಿತವರಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಒಂದೇ ಕೆಲಸ ಮಾಡುವವರ ನಡುವಿನ ಅಂತರವನ್ನು ಈ ತಂತ್ರಜ್ಞಾನ ತಗ್ಗಿಸಿತು. ಇದರಿಂದ ಅಸಮಾನತೆ ಕಡಿಮೆಯಾಗುತ್ತದೆಂದು ಅನೇಕರು ಸಂತೋಷಪಟ್ಟರು.

ಆ ಸಾಫ್ಟ್‌ವೇರ್ ಕಲಿತದ್ದು ಎಲ್ಲಿಂದ ಎಂಬುದನ್ನೂ ಕೇಳಬೇಕು. ಸಿಟ್ಟಾದ ಗ್ರಾಹಕನನ್ನು ಸಮಾಧಾನಪಡಿಸುವ ಮಾತು, ತೊಂದರೆಯ ಮೂಲವನ್ನು ಬೇಗ ಹಿಡಿಯುವ ಪ್ರಶ್ನೆ, ಇವೆಲ್ಲ ಅದಕ್ಕೆ ಸಿಕ್ಕಿದ್ದು ದಾಖಲಾಗಿದ್ದ ಸಂಭಾಷಣೆಗಳಿಂದ, ಅದರಲ್ಲೂ ನುರಿತ ನೌಕರರ ಸಂಭಾಷಣೆಗಳಿಂದ. ವರ್ಷಗಟ್ಟಲೆ ಕಷ್ಟಪಟ್ಟು ಗಳಿಸಿದ ಅವರ ಜಾಣ್ಮೆ ಹೊಸಬರ ಪರದೆಯ ಮೇಲೆ ಮೂಡಿತು. ಅದಕ್ಕಾಗಿ ಅವರಿಗೆ ಪ್ರತ್ಯೇಕ ಪ್ರತಿಫಲ ಸಿಗಲಿಲ್ಲ. ಮಗ್ಗದ ಯಂತ್ರ ನೇಕಾರನ ಕೈಯ ಕೆಲಸವನ್ನು ಮಾಡಿತು, ಆದರೆ ಅವನ ಪ್ರತಿದಿನದ ಕೆಲಸವನ್ನು ನೋಡಿ ನೋಡಿ ಕಲಿಯಲಿಲ್ಲ. ಈ ತಂತ್ರಜ್ಞಾನ ಕಲಿಯುತ್ತದೆ. ನೌಕರರ ನಡುವಿನ ಅಂತರ ಕುಗ್ಗಿದ ಮಾತ್ರಕ್ಕೆ ನೌಕರರಿಗೂ ಮಾಲೀಕರಿಗೂ ಇರುವ ಅಂತರ ಕುಗ್ಗಿತೆಂದು ಹೇಳಲಾಗದು. ಅನುಭವಸ್ಥನ ಅನುಭವಕ್ಕೆ ಬೆಲೆ ಇಳಿದರೆ ಎರಡನೆಯದು ಹಿಗ್ಗಲೂಬಹುದು.

ನಿಮ್ಮ ಕಚೇರಿಯಲ್ಲಿ ನೇಮಕಾತಿ ನಿಂತಿರುವುದೂ ಒಂಟಿ ಪ್ರಕರಣವಲ್ಲ. ಅದೇ ಬ್ರಿಂಜಾಲ್ಫ್‌ಸನ್ ಇನ್ನಿಬ್ಬರೊಂದಿಗೆ ಅಮೆರಿಕದ ವೇತನ ಪಾವತಿಯ ದಾಖಲೆಗಳನ್ನು ಪರಿಶೀಲಿಸಿ 2025ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕೃತಕ ಬುದ್ಧಿಮತ್ತೆಗೆ ಹೆಚ್ಚು ಒಡ್ಡಿಕೊಂಡ ವೃತ್ತಿಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ 13ರಷ್ಟು ಕುಸಿದಿದೆ ಎಂದು ತೋರಿಸಿದ್ದಾರೆ. ಅದೇ ವೃತ್ತಿಗಳ ಹಿರಿಯರಲ್ಲಿ ಅಂಥ ಕುಸಿತವಿಲ್ಲ. ಇದಕ್ಕೆ ಬಡ್ಡಿದರದಂಥ ಬೇರೆ ಕಾರಣಗಳೂ ಇರಬಹುದೆಂಬ ವಾದವಿದೆ, ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ನೀವು ವರ್ಣಿಸಿದ ಕ್ರಮಕ್ಕೆ ಇದು ಸರಿಯಾಗಿ ಹೊಂದುತ್ತದೆ. ಯಾರನ್ನೂ ಹೊರಹಾಕದೆ ಬಾಗಿಲನ್ನು ಮಾತ್ರ ಮುಚ್ಚಲಾಗುತ್ತದೆ. ಹೊರಗೆ ಉಳಿದವರು ಯಾವ ಕಚೇರಿಯ ಹಾಜರಿ ಪುಸ್ತಕದಲ್ಲೂ ಇಲ್ಲದ ಕಾರಣ ಅವರ ನಷ್ಟ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಗುಮಾಸ್ತ ಕೆಲಸಗಳೇ ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿವೆ, ಅವುಗಳಲ್ಲಿ ಮಹಿಳೆಯರೇ ಹೆಚ್ಚಾಗಿರುವುದರಿಂದ ಅವರ ಮೇಲಿನ ಪರಿಣಾಮ ಪುರುಷರ ಮೇಲಿನದಕ್ಕಿಂತ ಎರಡು ಪಟ್ಟಿಗೂ ಮೀರುತ್ತದೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲೇ ಅಂದಾಜು ಮಾಡಿತ್ತು.

ತೆರಿಗೆಯ ಮಾತನ್ನೂ ಸೇರಿಸಬೇಕು. ಅರ್ಥಶಾಸ್ತ್ರಜ್ಞ ಡರಾನ್ ಅಸೆಮೊಗ್ಲು ಮತ್ತು ಸಹಲೇಖಕರ ಲೆಕ್ಕದಂತೆ, 2010ರ ದಶಕದ ಅಮೆರಿಕದಲ್ಲಿ ದುಡಿಮೆಯ ಮೇಲೆ ವಾಸ್ತವವಾಗಿ ಬೀಳುತ್ತಿದ್ದ ತೆರಿಗೆ ಶೇ 25ಕ್ಕಿಂತ ಹೆಚ್ಚಿದ್ದರೆ, ಯಂತ್ರೋಪಕರಣ ಮತ್ತು ಸಾಫ್ಟ್‌ವೇರ್ ಮೇಲೆ ಬೀಳುತ್ತಿದ್ದುದು ಶೇ 5ರಿಂದ 10ರ ಆಸುಪಾಸು. ಆಗ ಯಂತ್ರ ಮನುಷ್ಯನಿಗಿಂತ ಹೆಚ್ಚು ಸಮರ್ಥವಾಗಿರಬೇಕಾಗಿಯೇ ಇಲ್ಲ, ಅಷ್ಟಕ್ಕಷ್ಟೇ ಇದ್ದರೂ ಅದನ್ನು ತರುವುದು ಲಾಭದಾಯಕವಾಗುತ್ತದೆ. ದೂರು ಹೇಳಲು ಫೋನ್ ಮಾಡಿದವರನ್ನು ಗುಂಡಿ ಒತ್ತಿಸುತ್ತಲೇ ಕಾಯಿಸುವ ಸ್ವಯಂಚಾಲಿತ ಧ್ವನಿ ಈ ಜಾತಿಯದು. ಉತ್ಪಾದಕತೆ ಹೆಚ್ಚೇನೂ ಏರದೆ ಕೆಲಸ ಮಾತ್ರ ಹೋಗುವ ಇಂಥ ಕಡೆಗಳಲ್ಲಿ ಹಂಚಿಕೊಳ್ಳಲು ಲಾಭವೂ ಹುಟ್ಟುವುದಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಅತಿ ಬುದ್ಧಿವಂತ ಯಂತ್ರವಲ್ಲ, ಇದು.

ಮೂರನೆಯ ಉತ್ತರ

ಇಷ್ಟು ಕತ್ತಲಾಗಿ ನೋಡುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಅಮೆರಿಕದ ಶೇ 47ರಷ್ಟು ಉದ್ಯೋಗಗಳಿಗೆ ಗಣಕೀಕರಣದ ದೊಡ್ಡ ಅಪಾಯವಿದೆ ಎಂಬ ಆಕ್ಸ್‌ಫರ್ಡ್ ಸಂಶೋಧಕರ ಅಂದಾಜು 2013ರಲ್ಲಿ ಜಗತ್ತನ್ನೆಲ್ಲ ಸುತ್ತಿತು. ಇಡೀ ವೃತ್ತಿಯನ್ನು ಒಂದು ಘಟಕವೆಂದು ನೋಡದೆ ಅದರೊಳಗಿನ ಬಿಡಿ ಕೆಲಸಗಳನ್ನು ನೋಡಿ 2016ರಲ್ಲಿ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ) ಸಂಸ್ಥೆಗಾಗಿ ಲೆಕ್ಕ ಹಾಕಿದವರಿಗೆ ಸಿಕ್ಕ ಉತ್ತರ ಶೇ 9. ಒಬ್ಬ ಗುಮಾಸ್ತ ಮಾಡುವ ಹತ್ತು ಬಗೆಯ ಕೆಲಸಗಳಲ್ಲಿ ನಾಲ್ಕು ಯಂತ್ರಕ್ಕೆ ಹೋದರೆ ಗುಮಾಸ್ತನೇ ಹೋಗಬೇಕೆಂದಿಲ್ಲ.

ಎಟಿಎಂ ಬಂದಾಗಲೂ ಹೀಗೇ ಹೆದರಿದ್ದರು. ಅಮೆರಿಕದ ನಗರಗಳಲ್ಲಿ ಒಂದು ಶಾಖೆಗೆ ಬೇಕಾಗುತ್ತಿದ್ದ ನಗದು ಗುಮಾಸ್ತರ ಸಂಖ್ಯೆ 1988ರಲ್ಲಿ ಸುಮಾರು 20 ಇದ್ದದ್ದು 2004ಕ್ಕೆ ಸುಮಾರು 13ಕ್ಕೆ ಇಳಿಯಿತು. ಶಾಖೆ ನಡೆಸುವ ಖರ್ಚು ತಗ್ಗಿದ್ದರಿಂದ ಬ್ಯಾಂಕುಗಳು ಹೆಚ್ಚು ಶಾಖೆಗಳನ್ನು ತೆರೆದವು, ಗುಮಾಸ್ತರ ಒಟ್ಟು ಸಂಖ್ಯೆ ಕುಸಿಯಲಿಲ್ಲ. ಅವರು ಹಣ ಎಣಿಸುವುದು ಕಡಿಮೆಯಾಗಿ ಗ್ರಾಹಕರೊಂದಿಗೆ ಮಾತಾಡುವುದು ಹೆಚ್ಚಾಯಿತು. ಬದಲಾಗಬೇಕಾದದ್ದು ತರಬೇತಿ. ನೌಕರರಿಗೆ ಹೊಸದನ್ನು ಕಲಿಯುವ ಅವಕಾಶ ಕೊಟ್ಟರೆ ಮಿಕ್ಕದ್ದನ್ನು ಮಾರುಕಟ್ಟೆ ಸರಿದೂಗಿಸುತ್ತದೆ ಎಂಬುದು ನನ್ನ ನಂಬಿಕೆ.

ಮೊದಲ ಉತ್ತರ ಬರೆದವರಿಂದ

ಎಟಿಎಂ ಉದಾಹರಣೆಯನ್ನು ನಾನೂ ತರಗತಿಯಲ್ಲಿ ಹೇಳುತ್ತೇನೆ. ಆದರೆ ಅದನ್ನು 2010ರ ಹತ್ತಿರ ನಿಲ್ಲಿಸುವಂತಿಲ್ಲ. ಮೊಬೈಲಿನಲ್ಲೇ ಬ್ಯಾಂಕಿನ ವ್ಯವಹಾರ ಮುಗಿಯತೊಡಗಿದ ಮೇಲೆ ಶಾಖೆಗಳೇ ಮುಚ್ಚತೊಡಗಿ, ಗುಮಾಸ್ತರ ಸಂಖ್ಯೆ ಗಣನೀಯವಾಗಿ ಇಳಿಯಿತು. ಎಟಿಎಂ ಒಂದು ಬಿಡಿ ಕೆಲಸವನ್ನು ತೆಗೆದುಕೊಂಡಿತ್ತು. ಮೊಬೈಲು ಆ ಕೆಲಸ ನಡೆಯುತ್ತಿದ್ದ ಜಾಗದ ಅಗತ್ಯವನ್ನೇ ತೆಗೆಯಿತು. ಶೇ 47 ಎಂಬುದು ಉತ್ಪ್ರೇಕ್ಷೆಯಾಗಿತ್ತೆಂದು ಒಪ್ಪುತ್ತೇನೆ. ತರಬೇತಿಯ ವಿಷಯದಲ್ಲಿ ನನ್ನ ತಕರಾರು ಒಂದೇ. ಪ್ರಶ್ನೆ ಕೇಳಿದವರ ಕಚೇರಿಯಲ್ಲಿ ಸರಳ ಅರ್ಜಿಗಳೇ ತರಬೇತಿಯಾಗಿದ್ದವು. ಅವನ್ನೇ ಯಂತ್ರಕ್ಕೆ ಕೊಟ್ಟ ಮೇಲೆ ಹೊಸಬರು ಯಾವುದರ ಮೇಲೆ ಕೈ ಪಳಗಿಸಿಕೊಳ್ಳಬೇಕು? ಇದನ್ನು ಮಾರುಕಟ್ಟೆಗೆ ಬಿಡುವಂತಿಲ್ಲ. ಹೊಸಬರನ್ನು ತಯಾರು ಮಾಡುವ ಖರ್ಚು ಒಂದು ಸಂಸ್ಥೆಯದು, ತಯಾರಾದವರ ಪ್ರಯೋಜನ ಇನ್ನೊಂದು ಸಂಸ್ಥೆಗೆ ಹೋಗಬಹುದು ಎಂಬ ಕಾರಣಕ್ಕೆ ಪ್ರತಿಯೊಂದೂ ಪಕ್ಕದವರು ಮಾಡಲಿ ಎಂದು ಕಾಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಟೆಲಿಫೋನ್ ಆಪರೇಟರುಗಳ ವಿಷಯ ಓದಿ ಬಹಳ ಹೊತ್ತು ಯೋಚಿಸಿದೆ. ಮುಂದಿನ ತಿಂಗಳು ಆಡಳಿತ ಮಂಡಳಿ ನಮ್ಮ ನೌಕರರ ಸಂಘದೊಂದಿಗೆ ಮಾತುಕತೆಗೆ ಕೂರಲಿದೆ. ಸಾಫ್ಟ್‌ವೇರ್ ಬೇಡವೆನ್ನುವ ಉದ್ದೇಶ ನಮಗಿಲ್ಲ. ಅರ್ಜಿದಾರರಿಗೆ ಉತ್ತರ ಬೇಗ ಸಿಗುತ್ತಿರುವುದು ನಮಗೂ ಸಂತೋಷವೇ. ಯಂತ್ರವನ್ನು ಒಪ್ಪಿಕೊಂಡು ಅದರ ಲಾಭದಲ್ಲಿ ಪಾಲು ಪಡೆದ ನೌಕರರು ಎಲ್ಲಾದರೂ ಇದ್ದಾರೆಯೇ? ಇದ್ದರೆ ಅವರು ಏನೇನು ಕೇಳಿದ್ದರು?

ನಾಲ್ಕನೆಯ ಉತ್ತರ

ಇದ್ದಾರೆ. ಕಾರ್ಮಿಕ ಸಂಘದ ಕೆಲಸದಲ್ಲಿ ಬಹುಕಾಲ ಇದ್ದವಳಾಗಿ ಎರಡು ಒಪ್ಪಂದಗಳನ್ನು ಓದಿನೋಡಿ ಎಂದು ಸೂಚಿಸುತ್ತೇನೆ.

ಮೊದಲನೆಯದು 1960ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರ ಸಂಘಕ್ಕೂ ಹಡಗು ಕಂಪನಿಗಳ ಒಕ್ಕೂಟಕ್ಕೂ ಆದದ್ದು. ಸರಕನ್ನು ಹೆಗಲ ಮೇಲೆ ಹೊತ್ತು ಇಳಿಸುವ ಕಾಲ ಮುಗಿಯುತ್ತಿದೆ, ಕಂಟೇನರು ಮತ್ತು ಕ್ರೇನುಗಳು ಬರುವುದು ಖಚಿತ ಎಂಬುದನ್ನು ಸಂಘದ ನಾಯಕ ಹ್ಯಾರಿ ಬ್ರಿಜಸ್ ಅರಿತಿದ್ದರು. ಯಂತ್ರಗಳನ್ನು ತಡೆಯುವುದಿಲ್ಲವೆಂದು ಸಂಘ ಒಪ್ಪಿತು. ಅದಕ್ಕೆ ಪ್ರತಿಯಾಗಿ ಕಂಪನಿಗಳು ಐದೂವರೆ ವರ್ಷಗಳಲ್ಲಿ ಸುಮಾರು 2 ಕೋಟಿ 90 ಲಕ್ಷ ಡಾಲರುಗಳ ನಿಧಿ ಕೂಡಿಸಲು ಒಪ್ಪಿದವು. ಯಂತ್ರದ ಕಾರಣದಿಂದ ಯಾರನ್ನೂ ಕೆಲಸದಿಂದ ತೆಗೆಯುವಂತಿರಲಿಲ್ಲ, ಕೆಲಸ ಕಡಿಮೆಯಾದರೂ ಕನಿಷ್ಠ ಗಳಿಕೆಗೆ ಭರವಸೆಯಿತ್ತು, ಬೇಗ ನಿವೃತ್ತರಾಗುವವರಿಗೆ ಹಣ ಸಿಗುತ್ತಿತ್ತು. ಬಂದರಿನ ಉತ್ಪಾದಕತೆ ಏರಿತು, ಅದರ ಒಂದು ಪಾಲು ಹೆಗಲು ಕೊಟ್ಟವರಿಗೂ ಬಂದಿತು.

ಆ ಒಪ್ಪಂದದ ಕೊರತೆಯೂ ನಿಮಗೆ ಅಷ್ಟೇ ಮುಖ್ಯ. ಭರವಸೆ ಇದ್ದದ್ದು ಪೂರ್ಣ ನೋಂದಣಿಯಾದ ಕಾರ್ಮಿಕರಿಗೆ ಮಾತ್ರ. ಅದೇ ಹಡಗಿನಲ್ಲಿ ಅದೇ ಭಾರ ಹೊರುತ್ತಿದ್ದ ಎರಡನೆಯ ದರ್ಜೆಯವರನ್ನೂ ದಿನಗೂಲಿಯವರನ್ನೂ ಹೊರಗಿಡಲಾಯಿತು. ಸಂಘ ತನ್ನ ಸದಸ್ಯರನ್ನು ಕಾಪಾಡಿಕೊಳ್ಳುವ ಭರದಲ್ಲಿ ಸದಸ್ಯರಲ್ಲದವರನ್ನು ಮರೆಯುವುದು ನಾನು ಕಣ್ಣಾರೆ ಕಂಡಿರುವ ಸಂಗತಿ, ಅದು ನನ್ನನ್ನು ಈಗಲೂ ನೋಯಿಸುತ್ತದೆ. ನಿಮ್ಮ ಕಚೇರಿಯಲ್ಲಿ ಗುತ್ತಿಗೆ ನೌಕರರಿದ್ದರೆ ಅವರ ಹೆಸರು ಒಪ್ಪಂದದ ಮೊದಲ ಪುಟದಲ್ಲೇ ಇರಲಿ.

ಎರಡನೆಯದು 2023ರಲ್ಲಿ ಅಮೆರಿಕದ ಚಲನಚಿತ್ರ ಮತ್ತು ಟಿವಿ ಬರಹಗಾರರು 148 ದಿನಗಳ ಮುಷ್ಕರ ನಡೆಸಿ ಪಡೆದದ್ದು. ಕೃತಕ ಬುದ್ಧಿಮತ್ತೆಯನ್ನು ಬಳಸಲೇಬಾರದೆಂದು ಅವರು ಕೇಳಲಿಲ್ಲ. ಅದನ್ನು ಬಳಸುವಂತೆ ಕಂಪನಿ ಬರಹಗಾರರನ್ನು ಬಲವಂತಪಡಿಸುವಂತಿಲ್ಲ, ಯಂತ್ರ ಬರೆದ ಸಾಮಗ್ರಿಯನ್ನು ಕೈಗೆ ಕೊಡುವಾಗ ಅದು ಯಂತ್ರದ್ದೆಂದು ತಿಳಿಸಲೇಬೇಕು, ಬರಹಗಾರನಿಗೆ ಸಲ್ಲಬೇಕಾದ ಮನ್ನಣೆಯನ್ನೂ ಸಂಭಾವನೆಯನ್ನೂ ಯಂತ್ರದ ಹೆಸರಿನಲ್ಲಿ ಕಡಿತ ಮಾಡುವಂತಿಲ್ಲ ಎಂಬ ಷರತ್ತುಗಳನ್ನು ಬರೆಸಿಕೊಂಡರು. ತಂತ್ರಜ್ಞಾನ ಇನ್ನೂ ಎಳೆಯದಾಗಿದ್ದಾಗಲೇ ಮಾತಿಗೆ ಕುಳಿತದ್ದು ಅವರ ಜಾಣತನ. ಕೆಲಸದ ಪದ್ಧತಿ ಒಮ್ಮೆ ಗಟ್ಟಿಯಾಗಿಬಿಟ್ಟರೆ ಅದನ್ನು ಮತ್ತೆ ಕದಲಿಸುವುದು ಬಹಳ ಕಷ್ಟ.

ನಿಮ್ಮ ಮಾತುಕತೆಗೆ ನಾನು ಒತ್ತಿ ಹೇಳುವುದು ಹೊಸಬರ ವಿಷಯವನ್ನು. ಸರಳ ಅರ್ಜಿಗಳಲ್ಲಿ ಒಂದು ಭಾಗವನ್ನು ಕಲಿಕೆಗೆಂದೇ ಮೀಸಲಿಡಬೇಕು, ಪ್ರತಿ ವರ್ಷ ಇಂತಿಷ್ಟು ಮಂದಿಯನ್ನು ತೆಗೆದುಕೊಳ್ಳಬೇಕು ಎಂದು ಕೇಳಿ. ಇದು ದಾನವಲ್ಲ, ಸಂಸ್ಥೆಯ ಹಿತವೂ ಹೌದು. ಜಟಿಲ ಕಡತಗಳನ್ನು ಬಿಡಿಸಬಲ್ಲ ನಿಮ್ಮಂಥವರು ನಿವೃತ್ತರಾದ ಮೇಲೆ, ಯಂತ್ರ ತಪ್ಪಿದಾಗ ತಪ್ಪಿತೆಂದು ಗುರುತಿಸುವವರೇ ಇರುವುದಿಲ್ಲ. ಉಳಿದವರಿಗೆ ಕೆಲಸದ ಭಾರವನ್ನು ಕಡತಗಳ ಎಣಿಕೆಯಿಂದಷ್ಟೇ ಅಳೆಯುವುದು ನಿಲ್ಲಬೇಕು. ಕಷ್ಟದ ಪ್ರಕರಣವೊಂದಕ್ಕೆ ಹೆಚ್ಚು ಸಮಯ, ಅದಕ್ಕೆ ತಕ್ಕ ವೇತನ ಶ್ರೇಣಿ ಬೇಕು. ಉಳಿತಾಯವಾದ ಗಂಟೆಗಳನ್ನು ಸಂಬಳ ಕಡಿಯದೆ ದುಡಿಮೆಯ ಅವಧಿಯನ್ನು ತಗ್ಗಿಸಲು ಬಳಸುವ ಸಾಧ್ಯತೆಯನ್ನೂ ಮೇಜಿನ ಮೇಲಿಡಿ. ಹೆಚ್ಚಿನ ಸಂಘಗಳು ಹಣವನ್ನಷ್ಟೇ ಕೇಳಿ ಇದನ್ನು ಬಿಟ್ಟುಬಿಡುತ್ತವೆ.

ಎರಡನೆಯ ಉತ್ತರ ಬರೆದವರು ಎತ್ತಿದ ವಿಷಯವನ್ನೂ ಕೈಬಿಡಬೇಡಿ. ನಿಮ್ಮ ತಂಡ ಸಾಫ್ಟ್‌ವೇರಿನ ಕರಡನ್ನು ತಿದ್ದಿದಾಗಲೆಲ್ಲ ಆ ತಿದ್ದುಪಡಿ ಎಲ್ಲಿ ಸಂಗ್ರಹವಾಗುತ್ತದೆ, ಅದನ್ನು ಮತ್ತೆ ಕಲಿಸಲು ಬಳಸುತ್ತಾರೆಯೇ, ಮಾರಿದ ಕಂಪನಿ ಅದನ್ನು ಬೇರೆ ಗ್ರಾಹಕರಿಗೂ ಒಯ್ಯುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಿ. ಬಳಸುತ್ತಾರೆಂದಾದರೆ ತಿದ್ದುವುದೂ ಒಂದು ಕೆಲಸವೇ, ಅದಕ್ಕೆ ಪ್ರತ್ಯೇಕ ದರ ಇರಬೇಕು. ಉತ್ತರ ಕೈಗೆ ಬಂದ ಮೇಲೆ ಇಲ್ಲಿ ಬರೆಯಿರಿ, ಒಪ್ಪಂದದ ಭಾಷೆಯನ್ನು ಕೂತು ನೋಡೋಣ.